ಮದುವೆ ಫೋಟೊಗೆ ಎಷ್ಟು ರೇಟು ಹೇಳಬೇಕು? ವರ್ಷದ ಖರ್ಚಿನಿಂದ ಲೆಕ್ಕ ಹಾಕುವ ಬಗೆ

ಫೋನ್ ಬರುತ್ತದೆ. "ಸರ್, ವೈಶಾಖದಲ್ಲಿ ನಮ್ಮ ಮಗಳ ಮದುವೆ. ಫೋಟೊ, ವಿಡಿಯೊ ಎರಡೂ ಬೇಕು. ಎಷ್ಟಾಗುತ್ತೆ?" ನಮಗೆ ತಕ್ಷಣ ನೆನಪಾಗುವುದು ಪಕ್ಕದ ರಸ್ತೆಯ ಸ್ಟುಡಿಯೊದವರ ರೇಟು. ಅದಕ್ಕಿಂತ ಎರಡು ಸಾವಿರ ಕಡಿಮೆ ಮಾಡಿ ಒಂದು ಮೊತ್ತ ಹೇಳಿಬಿಡುತ್ತೇವೆ. ಆರ್ಡರ್ ಸಿಕ್ಕಿತು ಅಂತ ಖುಷಿಯೂ ಆಗುತ್ತದೆ.

ತಿಪಟೂರಿನಲ್ಲಿ ಸ್ಟುಡಿಯೊ ಇಟ್ಟ ಮೊದಲ ಏಳು ವರ್ಷ ನಾನೂ ಹೀಗೇ ಮಾಡಿದೆ. ಕೆಲಸಕ್ಕೆ ಕೊರತೆ ಇರಲಿಲ್ಲ. ಎಂಟನೇ ವರ್ಷ ಒಂದು ಆರತಕ್ಷತೆಯ ನಡುವೆ ಕ್ಯಾಮೆರಾದ ಶಟರ್ (ಪ್ರತಿ ಕ್ಲಿಕ್‌ಗೂ ತೆರೆದು ಮುಚ್ಚುವ ಪರದೆ) ನಿಂತುಹೋಯಿತು. ವೇದಿಕೆ ಮುಂದೆ ಜನರ ಸಾಲು ಇತ್ತು. ಗೆಳೆಯನಿಗೆ ಫೋನ್ ಮಾಡಿ ಅವನ ಕ್ಯಾಮೆರಾ ತರಿಸಿಕೊಂಡು ಆ ರಾತ್ರಿ ಹೇಗೋ ಮುಗಿಸಿದೆ. ಮಾರನೇ ದಿನ ಹೊಸ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಕೊಳ್ಳಲು ಹೊರಟಾಗ ಗೊತ್ತಾಯಿತು, ನನ್ನ ಖಾತೆಯಲ್ಲಿ ದುಡ್ಡೇ ಇಲ್ಲ. ವರ್ಷಪೂರ್ತಿ ದುಡಿದಿದ್ದೆ, ಆದರೂ ಸಾಲ ಮಾಡಬೇಕಾಯಿತು. ಆ ವಾರ ನಿದ್ದೆ ಬರಲಿಲ್ಲ. ಆಗಲೇ ಮೊದಲ ಸಲ ಪುಸ್ತಕ ತೆಗೆದು ನನ್ನ ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ಬರೆಯಲು ಕೂತೆ.

ನಮ್ಮೂರ ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುತ್ತಾರೆ. ಮಾರುಕಟ್ಟೆಗೆ ತರುವುದು ಒಂದು ದಿನ. ಆ ಒಂದು ದಿನದ ಗಾಡಿ ಬಾಡಿಗೆ ಮಾತ್ರ ಖರ್ಚು ಅಂತ ಯಾವ ರೈತರೂ ಹೇಳುವುದಿಲ್ಲ. ನಾವು ಫೋಟೊ ತೆಗೆಯುವವರು ಮಾತ್ರ ಮದುವೆಯ ದಿನವನ್ನಷ್ಟೇ ನೋಡುತ್ತೇವೆ. ಆಲ್ಬಮ್‌ಗೆ ಇಷ್ಟು, ಹುಡುಗರಿಗೆ ಇಷ್ಟು, ಪೆಟ್ರೋಲ್‌ಗೆ ಇಷ್ಟು ಅಂತ ಕಳೆದು, ಉಳಿದದ್ದೆಲ್ಲ ಲಾಭ ಅಂದುಕೊಳ್ಳುತ್ತೇವೆ. ಅದು ಲಾಭ ಅಲ್ಲ. ನಮ್ಮ ಖರ್ಚು ವರ್ಷದ್ದು. ಅದನ್ನು ಮಾರಲು ಸಿಗುವ ದಿನಗಳು ಕೆಲವೇ. ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ದಿನಗಳಿಂದ.

ಇಲ್ಲಿ ಹೇಳುವ ಮೊತ್ತಗಳು ಇಬ್ಬರು ಮೂವರು ಸೇರಿ ಕೆಲಸ ಮಾಡುವ ಸಣ್ಣ ಊರಿನ ಸ್ಟುಡಿಯೊವನ್ನು ಮನಸ್ಸಿನಲ್ಲಿಟ್ಟು ಹಾಕಿದ ಉದಾಹರಣೆಗಳು. ನಿಮ್ಮ ಬಾಡಿಗೆ ಬೇರೆ, ನಿಮಗೆ ಆಲ್ಬಮ್ ಪ್ರಿಂಟ್ ಮಾಡಿಕೊಡುವ ಲ್ಯಾಬ್‌ನ ರೇಟು ಬೇರೆ. ಲೆಕ್ಕದ ದಾರಿಯನ್ನು ಮಾತ್ರ ಇಲ್ಲಿಂದ ತಗೊಂಡು, ನಿಮ್ಮ ಮೊತ್ತಗಳನ್ನು ನೀವೇ ತುಂಬಿ.

ಮೊದಲು ಪಂಚಾಂಗ ತೆಗೆಯಿರಿ

ಕ್ಯಾಲ್ಕ್ಯುಲೇಟರ್ ಆಮೇಲೆ. ಮದುವೆ ಫೋಟೊದವರ ವರ್ಷ ಯುಗಾದಿಗೆ ಶುರುವಾಗುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ಅಧಿಕ ಮಾಸ ಬಂದರೆ ಆ ತಿಂಗಳೂ ಇಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ, ಅಂದರೆ ಸರಿಯಾಗಿ ನಮ್ಮ ಸೀಸನ್ನಿನ ಮಧ್ಯದಲ್ಲಿ. 2024ರ ಮೇ, ಜೂನ್ ನಿಮಗೆ ನೆನಪಿರಬೇಕು. ಗುರು, ಶುಕ್ರ ಅಸ್ತ ಅಂತ ಹೆಚ್ಚಿನ ಪಂಚಾಂಗಗಳಲ್ಲಿ ಮದುವೆಯ ಮುಹೂರ್ತವೇ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಛತ್ರಗಳು ಖಾಲಿ ಬಿದ್ದಿದ್ದವು.

ಇನ್ನೊಂದು ತೊಡಕು ಇದೆ. ಒಳ್ಳೆಯ ಮುಹೂರ್ತ ಅಂದರೆ ಒಂದೇ ದಿನ ಊರಿನ ಎಲ್ಲ ಛತ್ರಗಳಲ್ಲೂ ಮದುವೆ. ನಿಮಗೆ ಆರು ಜನ ಕೇಳಬಹುದು, ಹೋಗಲು ಆಗುವುದು ಒಂದಕ್ಕೆ. ಹಾಗಾಗಿ ಬೇಡಿಕೆ ಎಷ್ಟಿದೆ ಅಂತ ನೋಡಬೇಡಿ. ನೀವು ಎಷ್ಟು ದಿನ ನಿಂತು ಕೆಲಸ ಮಾಡಬಲ್ಲಿರಿ ಅಂತ ನೋಡಿ. ಕಳೆದ ಮೂರು ವರ್ಷದ ಡೈರಿ ತೆಗೆದು ವರ್ಷಕ್ಕೆ ಎಷ್ಟು ಮದುವೆ ಮಾಡಿದ್ದೀರಿ ಅಂತ ಎಣಿಸಿ. ಅದರ ಸರಾಸರಿ ತಗೊಳ್ಳಿ. ಅತಿ ಒಳ್ಳೆಯ ವರ್ಷವನ್ನೇ ಅಳತೆಯಾಗಿ ಇಟ್ಟುಕೊಂಡರೆ ಮೋಸ ಹೋಗುತ್ತೀರಿ. ನನ್ನ ಉದಾಹರಣೆಗೆ 24 ಮದುವೆ ಇಟ್ಟುಕೊಳ್ಳೋಣ. ಜೊತೆಗೆ ನಾಮಕರಣ, ಸೀಮಂತ, ಗೃಹಪ್ರವೇಶ, ಹುಟ್ಟುಹಬ್ಬ ಇಂಥ ಸಣ್ಣ ಕೆಲಸ 30.

ಒಂದು ಮದುವೆಯ ಗಂಟೆಗಳನ್ನು ಬರೆದಿಡಿ

ಇದನ್ನು ದಯವಿಟ್ಟು ಮಾಡಿ. ಓದಿ ಬಿಟ್ಟುಬಿಡಬೇಡಿ. ಮುಂದಿನ ಒಂದೇ ಒಂದು ಮದುವೆಗೆ, ಮೊದಲ ಫೋನ್‌ನಿಂದ ಆಲ್ಬಮ್ ಕೈಗೆ ಕೊಡುವವರೆಗೆ, ಎಷ್ಟು ಗಂಟೆ ಹೋಯಿತು ಅಂತ ಸಣ್ಣ ಪುಸ್ತಕದಲ್ಲಿ ಬರೆಯಿರಿ. ನಾನು ಬರೆದಾಗ ಹೀಗಿತ್ತು. ಮಾತುಕತೆ, ಛತ್ರ ನೋಡಿಬರುವುದು 3 ಗಂಟೆ. ಬ್ಯಾಟರಿ ಚಾರ್ಜ್, ಮೆಮೊರಿ ಕಾರ್ಡ್ ಖಾಲಿ ಮಾಡುವುದು, ಸಾಮಾನು ಜೋಡಿಸುವುದು 2. ಹಿಂದಿನ ಸಂಜೆ ಆರತಕ್ಷತೆ 7. ಬೆಳಿಗ್ಗೆ ಮುಹೂರ್ತದಿಂದ ಮಗಳನ್ನು ಕಳಿಸಿಕೊಡುವವರೆಗೆ 8. ಕಾರ್ಡ್‌ನಿಂದ ಕಾಪಿ ಮತ್ತು ಬ್ಯಾಕಪ್ 3. ಫೋಟೊ ಆರಿಸಿ ಬಣ್ಣ ಸರಿಮಾಡುವುದು 10. ಆಲ್ಬಮ್ ಡಿಸೈನ್ 11. ವಿಡಿಯೊ ಎಡಿಟ್ 14. ಗಿರಾಕಿ ಹೇಳುವ ಕರೆಕ್ಷನ್ 5. ಲ್ಯಾಬ್ ಓಡಾಟ, ಡೆಲಿವರಿ 3.

ಒಟ್ಟು 66 ಗಂಟೆ. ದಿನಕ್ಕೆ 8 ಗಂಟೆ ಅಂದರೆ 8 ದಿನ ತುಂಬಿ ಸ್ವಲ್ಪ ಜಾಸ್ತಿ.

ನಾನು ಅಲ್ಲಿಯವರೆಗೆ ಮದುವೆ ಅಂದರೆ ಒಂದೂವರೆ ದಿನದ ಕೆಲಸ ಅಂದುಕೊಂಡಿದ್ದೆ. ಕ್ಯಾಮೆರಾ ಹಿಡಿದ ಹೊತ್ತು 15 ಗಂಟೆ ಮಾತ್ರ. ಉಳಿದ 51 ಗಂಟೆಯನ್ನು ಗಿರಾಕಿ ನೋಡುವುದೇ ಇಲ್ಲ. ನಾವೂ ನೋಡದಿದ್ದರೆ ಅದಕ್ಕೆ ಯಾರು ಕೊಡುತ್ತಾರೆ?

ಈಗ ವರ್ಷದ ದಿನಗಳನ್ನು ಕೂಡಿಸೋಣ. 24 ಮದುವೆಗೆ ತಲಾ 8 ದಿನ, ಅಂದರೆ 192. ಸಣ್ಣ ಕೆಲಸಕ್ಕೆ ತೆಗೆಯುವುದು, ಎಡಿಟ್ ಎಲ್ಲ ಸೇರಿ ತಲಾ 2 ದಿನ, 30ಕ್ಕೆ 60. ಒಟ್ಟು 252 ದಿನ. ವಾರಕ್ಕೊಂದು ರಜೆ, ಹಬ್ಬ, ಜ್ವರ, ಮನೆಯವರ ಕಾರ್ಯ ಅಂತ ಬಿಟ್ಟರೆ ವರ್ಷದಲ್ಲಿ ಕೈಗೆ ಸಿಗುವುದು ಸುಮಾರು 290 ದಿನ. ಉಳಿದ 38 ದಿನ ರಿಪೇರಿ, ಖರೀದಿ, ಲೆಕ್ಕಪತ್ರಕ್ಕೆ ಹೋಗುತ್ತದೆ. ಆ ದಿನಗಳನ್ನು ಯಾರಿಗೂ ಮಾರಲು ಆಗುವುದಿಲ್ಲ. ಹಾಗಾಗಿ ಖರ್ಚನ್ನು ಭಾಗಿಸಬೇಕಾದದ್ದು 252ರಿಂದ, 365ರಿಂದ ಅಲ್ಲ.

ಸಾಮಾನು ಸವೆಯುತ್ತದೆ

ಕ್ಯಾಮೆರಾ ಕೊಂಡ ದಿನ ದುಡ್ಡು ಹೋಯಿತು, ಮುಗಿಯಿತು ಅಂದುಕೊಳ್ಳುವುದು ನಮ್ಮ ದೊಡ್ಡ ತಪ್ಪು. ಆ ದುಡ್ಡು ಪ್ರತಿ ಕ್ಲಿಕ್‌ನಲ್ಲೂ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ. ಶಟರ್‌ಗೆ ಇಷ್ಟು ಕ್ಲಿಕ್ ಅಂತ ಕಂಪನಿಯವರೇ ಅಂದಾಜು ಕೊಡುತ್ತಾರೆ. ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1,50,000. ಸೋನಿ ಎ7 ಮಾರ್ಕ್ 3ಕ್ಕೆ, ನಿಕಾನ್ ಡಿ850ಕ್ಕೆ 2,00,000. ಅದು ಗ್ಯಾರಂಟಿ ಅಲ್ಲ. ಮೊದಲೂ ಹೋಗಬಹುದು, ಇನ್ನೂ ಒಂದು ಲಕ್ಷ ಓಡಲೂಬಹುದು. ಆದರೆ ಲೆಕ್ಕಕ್ಕೆ ಒಂದು ಆಧಾರ ಸಿಗುತ್ತದೆ.

ಒಂದು ಬಾಡಿಯಲ್ಲಿ ಒಂದು ಮದುವೆಗೆ 1,600 ಫೋಟೊ ಅಂದುಕೊಳ್ಳಿ. 24 ಮದುವೆಗೆ 38,400. ಸಣ್ಣ ಕೆಲಸಕ್ಕೆ ತಲಾ 350 ಅಂದರೆ 10,500. ವರ್ಷಕ್ಕೆ ಹತ್ತಿರ ಹತ್ತಿರ 49,000. ಎರಡು ಲಕ್ಷದ ಶಟರ್ ನಾಲ್ಕು ವರ್ಷಕ್ಕೆ ಮುಗಿಯಿತು. ನಾಲ್ಕು ವರ್ಷದಲ್ಲಿ ಹೊಸ ಮಾಡೆಲ್‌ಗಳೂ ಬಂದಿರುತ್ತವೆ, ಹಳೆಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಇಳಿದಿರುತ್ತದೆ.

ಲೆಕ್ಕ ಸುಲಭ. ಕೊಂಡ ಬೆಲೆಯಲ್ಲಿ ಕೊನೆಗೆ ಮಾರಿದರೆ ಬರುವ ದುಡ್ಡು ಕಳೆಯಿರಿ. ಉಳಿದದ್ದನ್ನು ವರ್ಷಗಳಿಂದ ಭಾಗಿಸಿ. ಒಂದೂವರೆ ಲಕ್ಷದ ಬಾಡಿ ನಾಲ್ಕು ವರ್ಷದ ನಂತರ 50,000ಕ್ಕೆ ಹೋಗುತ್ತದೆ ಅಂದರೆ ವರ್ಷಕ್ಕೆ 25,000. ಬಾಡಿ ಎರಡು, ಅಂದರೆ 50,000. ಲೆನ್ಸ್‌ಗಳು ಜಾಸ್ತಿ ದಿನ ಬಾಳುತ್ತವೆ. ಒಟ್ಟು 2,40,000 ಬೆಲೆಯ ಲೆನ್ಸ್‌ಗಳು ಎಂಟು ವರ್ಷ ದುಡಿದು 80,000ಕ್ಕೆ ಮಾರಿಹೋದರೆ ವರ್ಷಕ್ಕೆ 20,000. ಫ್ಲಾಶ್, ಟ್ರಿಗರ್, ವಿಡಿಯೊ ಲೈಟ್, ಸ್ಟ್ಯಾಂಡ್ ಸೇರಿ 60,000. ಇವು ಮೂರು ವರ್ಷದಲ್ಲಿ ಗುಜರಿಗೆ ಹೋಗುತ್ತವೆ, ವರ್ಷಕ್ಕೆ 20,000. ವಿಡಿಯೊ ಅಲುಗದಂತೆ ಹಿಡಿಯುವ ಗಿಂಬಲ್, ಮೈಕ್‌ಗೆ 15,000. ಕಂಪ್ಯೂಟರ್ 1,40,000, ಐದು ವರ್ಷದ ನಂತರ 15,000 ಬರಬಹುದು, ವರ್ಷಕ್ಕೆ 25,000. ಕಾರ್ಡ್, ಬ್ಯಾಟರಿಗೆ 10,000.

ಎಲ್ಲ ಸೇರಿ ವರ್ಷಕ್ಕೆ 1,40,000. ಕಣ್ಣಿಗೆ ಕಾಣದೆ ಸವೆದುಹೋಗುವ ದುಡ್ಡು ಇದು. ಇದಕ್ಕೇ ಸವಕಳಿ ಅನ್ನುವುದು.

ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ 40, ಸಾಮಾನ್ಯ ಯಂತ್ರಗಳಿಗೆ ಶೇ 15 ಅಂತ ಸವಕಳಿ ಹಾಕುತ್ತಾರೆ. ಅದು ಆಡಿಟರ್ ಬರೆಯುವ ಲೆಕ್ಕ. ರೇಟು ಕಟ್ಟಲು ನಮಗೆ ಬೇಕಾದದ್ದು ಸಾಮಾನು ನಿಜವಾಗಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದು. ಎರಡನ್ನೂ ಬೆರೆಸಬೇಡಿ.

ಇಎಂಐ ವಿಚಾರದಲ್ಲೂ ಒಂದು ಎಚ್ಚರ ಬೇಕು. ಎರಡು ಲಕ್ಷ ಸಾಲ, ಶೇ 14 ಬಡ್ಡಿ, 24 ತಿಂಗಳು ಅಂದರೆ ತಿಂಗಳಿಗೆ ಸುಮಾರು 9,600 ಕಟ್ಟುತ್ತೀರಿ. ಈ ಪೂರ್ತಿ ಇಎಂಐಯನ್ನು ಖರ್ಚು ಅಂತ ಬರೆದು, ಸವಕಳಿಯನ್ನೂ ಬರೆದರೆ ಒಂದೇ ಕ್ಯಾಮೆರಾವನ್ನು ಎರಡು ಸಲ ಲೆಕ್ಕ ಹಾಕಿದಂತೆ. ಸಾಲದ ಅಸಲು ಸವಕಳಿಯಲ್ಲೇ ಬಂದಿದೆ. ಬಡ್ಡಿ ಮಾತ್ರ ಸೇರಿಸಿ. ಇಲ್ಲಿ ಒಟ್ಟು ಬಡ್ಡಿ ಸುಮಾರು 30,000, ವರ್ಷಕ್ಕೆ 15,000.

ಬಾಗಿಲು ತೆರೆದಿಡುವ ಖರ್ಚು ಮತ್ತು ನಿಮ್ಮ ಸಂಬಳ

ಒಂದೂ ಆರ್ಡರ್ ಇಲ್ಲದಿದ್ದರೂ ಆಗುವ ಖರ್ಚು ಇದು. ಸ್ಟುಡಿಯೊ ಬಾಡಿಗೆ ವರ್ಷಕ್ಕೆ 72,000. ಕರೆಂಟು, ಇಂಟರ್ನೆಟ್, ಫೋನ್ 30,000. ಸಾಫ್ಟ್‌ವೇರ್ 25,000. ಸಾಮಾನಿನ ವಿಮೆ 12,000. ಸರ್ವಿಸ್, ರಿಪೇರಿ 20,000. ಪ್ರಚಾರ ಮತ್ತು ತೋರಿಸಲು ಇಡುವ ಸ್ಯಾಂಪಲ್ ಆಲ್ಬಮ್ 18,000. ಆಡಿಟರ್, ಬ್ಯಾಂಕ್, ಪುರಸಭೆ ಲೈಸೆನ್ಸ್ ಥರದ್ದು 9,000. ಮನೆಯವರ ಆರೋಗ್ಯ ವಿಮೆ 24,000. ಒಟ್ಟು 2,10,000.

ನಕಲಿ ಸಾಫ್ಟ್‌ವೇರ್ ಹಾಕಿಕೊಂಡಿದ್ದೀನಿ, ನನಗೆ ಆ ಖರ್ಚಿಲ್ಲ ಅನ್ನುವವರು ಇದ್ದಾರೆ. ಅದರ ಜೊತೆ ಬರುವ ವೈರಸ್‌ನಿಂದ ಒಂದು ಮದುವೆಯ ಫೈಲು ಹೋದರೆ ಆ ಮನೆಯವರಿಗೆ ಏನು ಹೇಳುತ್ತೀರಿ? ಧಾರೆಯನ್ನು ಮತ್ತೆ ಎರೆಸಲು ಆಗುತ್ತದಾ?

ಇನ್ನು ಸಂಬಳ. ಇದನ್ನು ಬರೆಯಲು ನನಗೆ ಬಹಳ ಸಂಕೋಚ ಆಗಿತ್ತು. ಮಾಲೀಕನಿಗೆ ಎಂಥ ಸಂಬಳ, ಉಳಿದದ್ದೆಲ್ಲ ನಂದೇ ಅಲ್ವಾ ಅನ್ನಿಸುತ್ತಿತ್ತು. ಆದರೆ ಇದೇ ಕೆಲಸವನ್ನು ಬೆಂಗಳೂರಿನಲ್ಲಿ ಯಾರದೋ ಸ್ಟುಡಿಯೊದಲ್ಲಿ ಮಾಡಿದರೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಮನೆ ನಡೆಯುವುದು ಸಂಬಳದಿಂದ. ಲಾಭ ಅನ್ನುವುದು ಸಂಬಳ ಕೊಟ್ಟ ಮೇಲೆ ಉಳಿಯುವುದು. ತಿಂಗಳಿಗೆ 40,000 ಅಂತ ಇಡೋಣ, ವರ್ಷಕ್ಕೆ 4,80,000. ನಿಮ್ಮ ಹೆಂಡತಿಯೋ ತಮ್ಮನೋ ಡಿಸೈನ್ ಮಾಡಿಕೊಡುತ್ತಿದ್ದರೆ ಅವರ ಸಂಬಳವನ್ನೂ ಬರೆಯಿರಿ. ಮನೆಯವರು ಅಂತ ಸುಮ್ನೆ ಬಿಡಬೇಡಿ.

ಈಗ ಕೂಡಿಸಿ. ಸವಕಳಿ 1,40,000. ಬಡ್ಡಿ 15,000. ಸ್ಟುಡಿಯೊ 2,10,000. ಸಂಬಳ 4,80,000. ಒಟ್ಟು 8,45,000. ಇದನ್ನು 252ರಿಂದ ಭಾಗಿಸಿದರೆ ಸುಮಾರು 3,350. ದುಂಡಗೆ 3,400 ಮಾಡಿಕೊಳ್ಳೋಣ. ಇದೇ ನಿಮ್ಮ ಒಂದು ದಿನದ ಬೆಲೆ. ಗಂಟೆಗೆ 425. ಈ ಎರಡನ್ನು ಕಂಪ್ಯೂಟರ್ ಪಕ್ಕದ ಗೋಡೆಗೆ ಬರೆದು ಅಂಟಿಸಿ.

ಒಂದು ಮದುವೆಯ ಬೆಲೆ

ಎಂಟು ದಿನಕ್ಕೆ 3,400ರಂತೆ 27,200. ಇದರ ಮೇಲೆ ಆ ಮದುವೆಗೆಂದೇ ಕೈಯಿಂದ ಹೋಗುವ ಖರ್ಚು. ವಿಡಿಯೊ ತೆಗೆಯುವವರಿಗೆ ಸಂಜೆ, ಬೆಳಿಗ್ಗೆ ಸೇರಿ 7,000. ಇನ್ನೊಬ್ಬ ಫೋಟೊಗ್ರಾಫರ್‌ಗೆ 5,000. ಲೈಟ್ ಹಿಡಿಯುವ ಹುಡುಗನಿಗೆ 1,500. ಹನ್ನೆರಡು ಮೂವತ್ತಾರು ಇಂಚಿನ ಆಲ್ಬಮ್, 30 ಶೀಟಿಗೆ 200ರಂತೆ 6,000, ಪ್ಯಾಡ್ ಮತ್ತು ಬಾಕ್ಸ್‌ಗೆ 2,500. ಗಾಡಿ, ಕಾಫಿ, ತಿಂಡಿ 2,000. ಕೊರಿಯರ್ 500. ಗಾಡಿ ಅಂದಾಗ ಪೆಟ್ರೋಲ್ ಒಂದನ್ನೇ ಬರೆಯಬೇಡಿ. ಟೈರು, ಆಯಿಲ್, ಸರ್ವಿಸ್ ಕೂಡ ಅದೇ ಕಿಲೋಮೀಟರ್‌ನಲ್ಲಿ ಸವೆಯುತ್ತವೆ.

ಹಾರ್ಡ್ ಡಿಸ್ಕ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಇದನ್ನು ಯಾರೂ ಮದುವೆಯ ಖರ್ಚಿಗೆ ಸೇರಿಸುವುದಿಲ್ಲ. ಎರಡು ಬಾಡಿಯಿಂದ 3,200 ಫೋಟೊ. ರಾ ಫೈಲು (ಕ್ಯಾಮೆರಾದಿಂದ ಬರುವ, ಇನ್ನೂ ಎಡಿಟ್ ಮಾಡದ ಮೂಲ ಫೈಲು) ಒಂದಕ್ಕೆ 25 ಎಂಬಿ ಅಂದರೂ 80 ಜಿಬಿ. ವಿಡಿಯೊ 150 ಜಿಬಿ ಆಗುತ್ತದೆ. ಒಟ್ಟು 230. ಒಂದೇ ಡಿಸ್ಕ್‌ನಲ್ಲಿ ಇಡುವುದು ಅಪಾಯ, ಎರಡು ಕಾಪಿ ಬೇಕೇ ಬೇಕು, ಅದೂ ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಮನೆಯಲ್ಲಿ. ಅಲ್ಲಿಗೆ 460 ಜಿಬಿ. ಒಂದು ಟಿಬಿಗೆ 3,000 ಅಂತ ಹಿಡಿದರೆ ಒಂದು ಮದುವೆ ಡಿಸ್ಕ್‌ನಲ್ಲೇ ಸುಮಾರು 1,400 ರೂಪಾಯಿ ತಿನ್ನುತ್ತದೆ. ಪೆನ್‌ಡ್ರೈವ್‌ಗೆ 600. ಎರಡೂ ಸೇರಿ 2,000. ನಾನು ಏಳು ವರ್ಷ ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಡಿಸ್ಕ್ ತುಂಬಿದಾಗ ಹಳೆಯ ಮದುವೆಗಳನ್ನು ಅಳಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಬಂದು, ತೀರಿಕೊಂಡ ಅಪ್ಪನ ಫೋಟೊ ತನ್ನ ಮದುವೆಯದು ಒಂದಾದರೂ ಬೇಕು ಅಂತ ಕೇಳಿದಳು. ನನ್ನ ಹತ್ತಿರ ಇರಲಿಲ್ಲ. ಆ ದಿನದಿಂದ ಡಿಸ್ಕ್‌ನ ಖರ್ಚನ್ನು ನಾನು ಯಾವತ್ತೂ ಬಿಟ್ಟಿಲ್ಲ.

ಕೈಖರ್ಚು ಎಲ್ಲ ಸೇರಿ 26,500. ಎಂಟು ದಿನದ ಬೆಲೆ 27,200. ಒಟ್ಟು ಅಸಲು, ಅಂದರೆ ಒಂದು ಮದುವೆಗೆ ನಮಗೆ ಬೀಳುವ ಖರ್ಚು, 53,700.

ಇದರ ಮೇಲೆ ಲಾಭ. ಶೇ 15 ಬೇಕು ಅಂತ ಇಟ್ಟುಕೊಳ್ಳಿ. ಇಲ್ಲಿ ಬಹಳ ಜನ ಎಡವುತ್ತಾರೆ. 53,700ಕ್ಕೆ ಶೇ 15 ಕೂಡಿಸಿದರೆ 61,755. ಅದರಲ್ಲಿ ನಿಮ್ಮ ಲಾಭ 8,055, ಅಂದರೆ ಬಿಲ್ಲಿನ ಶೇ 13 ಮಾತ್ರ. ಬಿಲ್ಲಿನಲ್ಲಿ ಶೇ 15 ಉಳಿಯಬೇಕಾದರೆ ಅಸಲನ್ನು 0.85ರಿಂದ ಭಾಗಿಸಬೇಕು. ಆಗ 63,176 ಬರುತ್ತದೆ. 63,000 ಅಂತ ಹೇಳಿ.

ಸಣ್ಣ ಕೆಲಸಕ್ಕೂ ಇದೇ ದಾರಿ. ಎರಡು ದಿನಕ್ಕೆ 6,800, ಪ್ರಿಂಟು ಮತ್ತು ಓಡಾಟಕ್ಕೆ 1,500, ಒಟ್ಟು 8,300. ಭಾಗಿಸಿದರೆ ಸುಮಾರು 9,800.

ನಲವತ್ತಕ್ಕೆ ಮಾಡಿದರೆ ಏನಾಗುತ್ತದೆ

ನಮ್ಮ ಕಡೆ 40,000ಕ್ಕೇ ಮಾಡ್ತಾರೆ, 63,000 ಯಾರು ಕೊಡ್ತಾರೆ ಅಂತ ನೀವು ಕೇಳುತ್ತೀರಿ. ಸರಿ, ಇದೇ ಕೆಲಸವನ್ನು 40,000ಕ್ಕೆ ಮಾಡಿ ನೋಡೋಣ. ಕೈಖರ್ಚು 26,500 ಹೋಯಿತು. ಉಳಿದದ್ದು 13,500. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ 1,687. ಬಾಡಿಗೆ, ಕರೆಂಟು, ಸವಕಳಿ, ಬಡ್ಡಿ ಅಂತ ಸಂಬಳ ಬಿಟ್ಟು ದಿನಕ್ಕೆ 1,448 ಆಗುತ್ತದೆ. ನಿಮ್ಮ ಕೈಯಲ್ಲಿ ಉಳಿಯುವ ದಿನಗೂಲಿ 239 ರೂಪಾಯಿ. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು.

ಈ ಲೆಕ್ಕ ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹಾಗಾದರೆ ನಲವತ್ತಕ್ಕೆ ಮಾಡುವವರು ಹೇಗೆ ಬದುಕಿದ್ದಾರೆ? ಕೆಲವರದು ಸ್ವಂತ ಕಟ್ಟಡ. ಕೆಲವರಿಗೆ ಹಿಂದೆ ತೋಟ ಇದೆ. ಕೆಲವರು ಎಡಿಟ್ ಕೆಲಸವನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತಾರೆ. ಇನ್ನು ಕೆಲವರು ನನ್ನ ಹಾಗೆಯೇ, ಕ್ಯಾಮೆರಾ ಕೆಟ್ಟ ದಿನ ಸಾಲಕ್ಕೆ ಓಡುತ್ತಾರೆ. ಅವರ ಖರ್ಚು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ ಲೆಕ್ಕದ ಉತ್ತರವನ್ನು ನಿಮ್ಮ ಪುಸ್ತಕಕ್ಕೆ ಬರೆದುಕೊಳ್ಳಬೇಡಿ.

ರೇಟು ಇಳಿಸುವ ಬದಲು ಕೆಲಸ ಇಳಿಸಿ

ಚೌಕಾಸಿ ಇದ್ದೇ ಇರುತ್ತದೆ. ಮಗಳ ಮದುವೆಯ ಖರ್ಚು ಹೊತ್ತ ತಂದೆ ಕೇಳುವುದರಲ್ಲಿ ತಪ್ಪೂ ಇಲ್ಲ. ಹೋದ ವರ್ಷ ಒಬ್ಬ ಹಿರಿಯರು ಬಂದಿದ್ದರು.

"ಐವತ್ತೈದಕ್ಕೆ ಮಾಡ್ಕೊಡಪ್ಪ. ನೀನು ನಮ್ಮೋನೇ ಅಲ್ವಾ?"

"ಯಜಮಾನ್ರೇ, ನಿಮ್ಮ ಬಜೆಟ್‌ಗೆ ಹೊಂದಿಸೋಣ. ಆಲ್ಬಮ್ 30 ಶೀಟಿನ ಬದಲು 20 ಶೀಟ್ ಮಾಡ್ತೀನಿ. ಆರತಕ್ಷತೆಗೆ ಇನ್ನೊಬ್ಬ ಫೋಟೊಗ್ರಾಫರ್ ಬೇಡ, ಬೆಳಿಗ್ಗೆ ಧಾರೆಗೆ ಮಾತ್ರ ಬರ್ಲಿ. ಐವತ್ತಾರಕ್ಕೆ ಮುಗಿಸೋಣ."

"ಫೋಟೊ ಏನೂ ಕಡಿಮೆ ಆಗಲ್ವಲ್ಲ?"

"ಧಾರೆಯಲ್ಲಿ ಒಂದೂ ತಪ್ಪಲ್ಲ. ಫೈಲೆಲ್ಲ ಪೆನ್‌ಡ್ರೈವ್‌ನಲ್ಲಿ ಕೊಡ್ತೀನಿ."

ಒಪ್ಪಿಕೊಂಡರು. ಇದರ ಹಿಂದೆ ಲೆಕ್ಕ ಇದೆ. ಹತ್ತು ಶೀಟಿಗೆ 2,000, ಡಿಸೈನ್‌ನಲ್ಲಿ ಅರ್ಧ ದಿನ ಉಳಿದರೆ 1,700, ಫೋಟೊಗ್ರಾಫರ್‌ನ ಸಂಜೆಯ ಪಾಲು 2,500. ಒಟ್ಟು 6,200. 0.85ರಿಂದ ಭಾಗಿಸಿದರೆ 7,300. ಅಷ್ಟನ್ನು ಮಾತ್ರ ನಾನು ಬಿಟ್ಟೆ. ವಿಡಿಯೊ ಬೇಡ ಅನ್ನುವವರಿಗೆ 7,000 ಆಪರೇಟರ್‌ದು, ಎರಡು ದಿನದ ಎಡಿಟ್ 6,800 ಉಳಿಯುತ್ತದೆ. ಅವರಿಗೆ 47,000ಕ್ಕೆ ಧೈರ್ಯವಾಗಿ ಮಾಡಿಕೊಡಬಹುದು.

ಜಾಸ್ತಿ ಕೇಳಿದಾಗಲೂ ಹೀಗೇ ಲೆಕ್ಕ ಹಾಕಿ. ಚಪ್ಪರದ ದಿನ ಬನ್ನಿ ಅಂದರೆ ತೆಗೆಯುವುದು, ಎಡಿಟ್ ಸೇರಿ ಒಂದು ದಿನ 3,400, ಹುಡುಗನಿಗೆ 1,000, ಓಡಾಟ 500. ಭಾಗಿಸಿದರೆ ಸುಮಾರು 5,800. ಕರೆಕ್ಷನ್ ಎರಡು ಸಲ ಉಚಿತ. ಮೂರನೆಯದರಿಂದ ಗಂಟೆಗೆ 500, ಅಂದರೆ ನಿಮ್ಮ 425ನ್ನು 0.85ರಿಂದ ಭಾಗಿಸಿದ್ದು. ಡ್ರೋನ್ ಕೇಳಿದರೆ ಬಾಡಿಗೆಯನ್ನು ಬೇರೆಯಾಗಿ ತೋರಿಸಿ. 2021ರ ಡ್ರೋನ್ ನಿಯಮದಂತೆ 250 ಗ್ರಾಂಗಿಂತ ಭಾರದ ಡ್ರೋನ್ ಅನ್ನು ದುಡಿಮೆಗೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. ಅದು ಇರುವವರನ್ನೇ ಕರೆಯಿರಿ.

ದುಡ್ಡು ಯಾವಾಗ ಬರಬೇಕು

63,000ಕ್ಕೆ ನಾನು ಹೀಗೆ ತಗೊಳ್ಳುತ್ತೇನೆ. ಬುಕಿಂಗ್‌ಗೆ 20,000. ಮುಹೂರ್ತದ ದಿನ 33,000. ಆಲ್ಬಮ್ ಡಿಸೈನ್ ಒಪ್ಪಿದ ಮೇಲೆ, ಲ್ಯಾಬ್‌ಗೆ ಕಳಿಸುವ ಮುಂಚೆ 10,000. ಮೊದಲ ಎರಡು ಕಂತು ಸೇರಿದರೆ 53,000. ನಿಮ್ಮ ಅಸಲು 53,700. ಅಂದರೆ ಕೊನೆಯ ಕಂತು ತಡವಾದರೂ ನಿಮ್ಮ ಅಸಲು ಹತ್ತಿರ ಹತ್ತಿರ ಪೂರ್ತಿ ಬಂದಿರುತ್ತದೆ. ಮೊದಲೆಲ್ಲ ನಾನು ಆಲ್ಬಮ್ ಕೊಟ್ಟಾಗ ಉಳಿದ ಅರ್ಧ ಕೊಡಿ ಅನ್ನುತ್ತಿದ್ದೆ. ಫೋಟೊ ಸೆಲೆಕ್ಷನ್‌ಗೇ ಎಂಟು ತಿಂಗಳು ತಗೊಂಡವರಿದ್ದಾರೆ. ಅಷ್ಟರಲ್ಲಿ ಮಗಳ ಸೀಮಂತಕ್ಕೆ ಕರೆಯುತ್ತಿದ್ದರು, ಮದುವೆಯ ಬಾಕಿ ಹಾಗೇ ಇರುತ್ತಿತ್ತು. ಈಗ ಒಪ್ಪಂದದ ಹಾಳೆಯಲ್ಲಿ ಬರೆದಿದ್ದೇನೆ: 45 ದಿನದೊಳಗೆ ಸೆಲೆಕ್ಷನ್ ಕೊಡಬೇಕು, ತಡವಾದರೆ ಆವತ್ತಿನ ಲ್ಯಾಬ್ ರೇಟು. ಇದನ್ನು ಬುಕಿಂಗ್ ದಿನವೇ ಓದಿ ಹೇಳುತ್ತೇನೆ. ಇದುವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.

ದುಡ್ಡು ಬಂದ ದಿನವೇ ಇನ್ನೊಂದು ಕೆಲಸ ಮಾಡಿ. ಸಾಮಾನಿನ ಪಾಲನ್ನು ಬೇರೆ ಖಾತೆಗೆ ಹಾಕಿ. ಒಂದು ಮದುವೆಗೆ 4,500, ಸಣ್ಣ ಕೆಲಸಕ್ಕೆ 1,100. ವರ್ಷಕ್ಕೆ 1,41,000 ಆಗುತ್ತದೆ. ಆ ಖಾತೆಯ ಕಾರ್ಡನ್ನು ಮನೆಯಲ್ಲೇ ಬಿಡಿ. ಮುಂದೆ ಶಟರ್ ನಿಂತ ದಿನ ಅಂಗಡಿಗೆ ಹೋಗಿ ಹೊಸ ಬಾಡಿ ತರಬಹುದು, ಯಾರ ಹತ್ತಿರವೂ ಕೈ ಚಾಚಬೇಕಿಲ್ಲ.

ಇಪ್ಪತ್ತು ಲಕ್ಷದ ಗೆರೆ

24 ಮದುವೆಗೆ 63,000ರಂತೆ 15,12,000. 30 ಸಣ್ಣ ಕೆಲಸಕ್ಕೆ 9,800ರಂತೆ 2,94,000. ವರ್ಷದ ವಹಿವಾಟು 18,06,000. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇನ್ನು ನಾಲ್ಕು ಮದುವೆ ಜಾಸ್ತಿ ಆದರೆ ಈ ಸ್ಟುಡಿಯೊ ಗೆರೆ ದಾಟುತ್ತದೆ. ಲೆಕ್ಕಕ್ಕೆ ಬರುವುದು ಬಿಲ್ಲಿನ ಪೂರ್ತಿ ಮೊತ್ತ, ನಿಮಗೆ ಉಳಿದ ಲಾಭ ಅಲ್ಲ. ಹುಡುಗರಿಗೆ, ಲ್ಯಾಬ್‌ಗೆ ಕೊಟ್ಟ ದುಡ್ಡೂ ಅದರಲ್ಲಿ ಸೇರಿರುತ್ತದೆ.

ಫೋಟೊಗ್ರಫಿಗೆ ಜಿಎಸ್‌ಟಿ ಶೇ 18. ಗಿರಾಕಿಗೆ 63,000 ಬಿಲ್ಲು 74,340 ಆಗುತ್ತದೆ. ಆದರೆ ನೀವು ಕ್ಯಾಮೆರಾ ಕೊಳ್ಳುವಾಗ, ಲ್ಯಾಬ್‌ಗೆ ಕಟ್ಟುವಾಗ ಕೊಟ್ಟ ಜಿಎಸ್‌ಟಿಯನ್ನು ಅದರಲ್ಲಿ ಕಳೆದು, ಉಳಿದದ್ದನ್ನು ಮಾತ್ರ ಕಟ್ಟಬಹುದು. ಇನ್ನೊಂದು ದಾರಿ ಕಾಂಪೊಸಿಷನ್. 50 ಲಕ್ಷದವರೆಗಿನ ಸೇವೆಯವರು ವಹಿವಾಟಿನ ಶೇ 6 ಕಟ್ಟಬಹುದು. ಅದನ್ನು ಗಿರಾಕಿಯಿಂದ ಬೇರೆಯಾಗಿ ತಗೊಳ್ಳುವಂತಿಲ್ಲ, ಕೊಂಡ ಸಾಮಾನಿನ ತೆರಿಗೆಯನ್ನು ಹಾಗೆ ಕಳೆಯುವಂತೆಯೂ ಇಲ್ಲ. 63,000ಕ್ಕೆ 3,780 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ರೇಟು ಕಟ್ಟುವಾಗಲೇ ಸೇರಿಸಿ. ಯಾವ ದಾರಿ ನಿಮಗೆ ಸರಿ ಅಂತ ಆಡಿಟರ್ ಹತ್ತಿರ ಕೂತು ಮಾತಾಡಿ. ಗೆರೆ ದಾಟಿದ ಮೇಲಲ್ಲ, 17 ಲಕ್ಷ ಆದಾಗಲೇ.

ಮುಹೂರ್ತ ಕಡಿಮೆಯಾದ ವರ್ಷ

24ರ ಬದಲು 18 ಮದುವೆ ಬಂತು ಅಂದುಕೊಳ್ಳಿ. ಮಾರುವ ದಿನಗಳು 204ಕ್ಕೆ ಇಳಿಯುತ್ತವೆ. ಬಾಡಿಗೆ, ಸಂಬಳ, ಬಡ್ಡಿ ಯಾವುದೂ ಇಳಿಯುವುದಿಲ್ಲ. ಅದೇ 8,45,000ವನ್ನು 204ರಿಂದ ಭಾಗಿಸಿದರೆ ದಿನಕ್ಕೆ 4,142. ಒಂದು ಮದುವೆಯ ಅಸಲು 59,600ಕ್ಕೆ ಏರುತ್ತದೆ. 63,000 ತಗೊಂಡರೆ ಉಳಿಯುವುದು ಮೂರು ಸಾವಿರದ ಸುಮಾರು. ಶೇ 15 ಲಾಭ ಇಟ್ಟಿದ್ದು ಇಂಥ ವರ್ಷವನ್ನು ದಾಟಲು. ಅದನ್ನು ಒಳ್ಳೆಯ ವರ್ಷದಲ್ಲೇ ಹೊಸ ಲೆನ್ಸ್‌ಗೆ ಖರ್ಚು ಮಾಡಿದರೆ ಕೆಟ್ಟ ವರ್ಷದಲ್ಲಿ ಸಂಬಳ ನಿಲ್ಲುತ್ತದೆ. ಇಂಥ ವರ್ಷದಲ್ಲಿ ಶಾಲೆಗಳ ಗುಂಪು ಫೋಟೊ, ಅಂಗಡಿಗಳ ಸಾಮಾನಿನ ಫೋಟೊ ಥರದ ಮುಹೂರ್ತ ಬೇಡದ ಕೆಲಸಗಳನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ. ಅವಕ್ಕೂ ಅದೇ 3,400ರ ದಿನದ ಬೆಲೆ ಹಾಕಿ ನೋಡಿ.

ನಾನು ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಯುಗಾದಿ ಕಳೆದ ವಾರ ಹೊಸದಾಗಿ ಬರೆಯುತ್ತೇನೆ. ಹೊಸ ಪಂಚಾಂಗ ಬಂದಿರುತ್ತದೆ. ಮುಹೂರ್ತಗಳಿಗೆ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಲ್ಯಾಬ್‌ನ ಹೊಸ ರೇಟು ಕೇಳುತ್ತೇನೆ. ಎರಡೂ ಕ್ಯಾಮೆರಾದ ಶಟರ್ ಎಷ್ಟು ಓಡಿದೆ ನೋಡಿ ಬರೆಯುತ್ತೇನೆ. ಎರಡು ಗಂಟೆಯ ಕೆಲಸ. ಆಮೇಲೆ ಗೋಡೆಯ ಮೇಲಿನ ಹಳೆಯ ಚೀಟಿ ಕಿತ್ತು, ಆ ವರ್ಷದ ದಿನದ ಬೆಲೆ ಬರೆದು ಅಂಟಿಸುತ್ತೇನೆ. ಅಲ್ಲಿಂದ ಮುಂದೆ ಫೋನ್ ಬಂದಾಗ ಆ ಚೀಟಿ ನೋಡಿಯೇ ಮಾತಾಡುತ್ತೇನೆ.